ಕೆಳಮನೆ ಮಾಮನಿಗೆ ಸಿಕ್ಕ ಸಂಜೆ

ಕಳೆದ ತಿಂಗಳು ನನ್ನ ತಂಗಿಯ ಮಗ ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಸೊಪ್ಪನ್ನೂ ಬಾಳೆಲೆಯ ಕಟ್ಟನ್ನೂ ಕಾರಿನ ಹಿಂದಿನ ಸೀಟಿನಲ್ಲೇ ಮರೆತು ಬಾಗಿಲು ಹಾಕಿ ಬಂದಿದ್ದ. ಮಧ್ಯಾಹ್ನ ನಾನು ಹೋಗಿ ಬಾಗಿಲು ತೆಗೆದೆ. ಬಿಸಿಲಿಗೆ ಕಾದ ಸೀಟು, ಬಾಡಿದ ಕೊತ್ತಂಬರಿ, ಅರೆಬೆಂದಂತಾದ ಬಾಳೆಲೆ, ಎಲ್ಲ ಸೇರಿದ ವಾಸನೆ ಮುಖಕ್ಕೆ ಬಡಿಯಿತು. ಹುಡುಗನನ್ನು ಬೈಯಬೇಕೆಂದು ಬಾಯಿಗೆ ಬಂದಿದ್ದ ಮಾತು ಅಲ್ಲೇ ನಿಂತಿತು. ಅದು ನಮ್ಮ ಕೆಳಮನೆ ಮಾಮನ ಕಾರಿನ ವಾಸನೆ...

ಮಾಮನ ಕಾರು ಎಂದೆನಲ್ಲ, ಅದು ಮಾಮನದಾಗಿರಲಿಲ್ಲ. ಅವರು ಮ್ಯಾನೇಜರಾಗಿದ್ದ ಸಸ್ಯಾಹಾರಿ ಹೋಟೆಲಿನ ಯಜಮಾನರದು. ಗೇರು ಸ್ಟಿಯರಿಂಗಿನ ಪಕ್ಕದಲ್ಲಿದ್ದ ಹಳೆಯ ಕಾಲದ ಗಾಡಿ. ದಿನಾ ಬೆಳಗಿನ ಜಾವ ಮದ್ರಾಸಿನ ಕೋಯಂಬೇಡು ಮಾರ್ಕೆಟ್ಟಿಗೆ ಹೋಗಿ ಹೋಟೆಲಿಗೆ ತರಕಾರಿ, ಎಲೆ ತರುವುದು ಮಾಮನ ಕೆಲಸ. ಡ್ರೈವಿಂಗ್ ಕಲಿತದ್ದೂ ಅದಕ್ಕೇ. ಹಾಗಾಗಿ ಆ ಕಾರಿನೊಳಗೆ ಯಾವಾಗ ಕೂತರೂ ಸಂತೆಯಲ್ಲಿ ಕೂತಂತೆ ಇರುತ್ತಿತ್ತು.

ಅಣ್ಣಾ ನಗರದ ನಮ್ಮ ಮನೆಯ ಕೆಳಭಾಗಕ್ಕೆ ಅವರು ಬಾಡಿಗೆಗೆ ಬಂದಾಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಒಂದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದೆ. ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ನಮ್ಮ ಮುತ್ತಜ್ಜನ ಕಾಲಕ್ಕೇ ಮದ್ರಾಸಿಗೆ ಬಂದು ಕೂತ ಕುಟುಂಬ ನಮ್ಮದು. ನಾವಾಡುವ ಕನ್ನಡದಲ್ಲಿ ಅರ್ಧ ತಮಿಳು. ಮಾಮ ಕುಂದಾಪುರದ ಕಡೆಯವರು. ಅವರ ಕನ್ನಡ ನಮಗೆ, ನಮ್ಮದು ಅವರಿಗೆ ಪೂರ್ತಿ ದಕ್ಕಲು ಒಂದೆರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಎರಡು ಕಡೆಯವರೂ ನಗುನಗುತ್ತ ತಲೆಯಾಡಿಸಿಕೊಂಡು ಕಾಲ ಹಾಕಿದೆವು.

ಮೀಸೆ ಮೂಡುವ ವಯಸ್ಸಿಗೆ ಊರು ಬಿಟ್ಟು ಬಂದ ಮಾಮ ಹೋಟೆಲಿನ ಮಹಡಿಯ ಮೇಲಿನ ಕೋಣೆಯಲ್ಲೇ, ತಮ್ಮ ಕಡೆಯ ಇತರ ಗಂಡಸರ ಜೊತೆ ಚಾಪೆ ಹಾಸಿಕೊಂಡು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಳೆದಿದ್ದರು. ನಡುವೆ ಮದುವೆಯಾಗಿತ್ತು. ಹೆಂಡತಿ ಊರಿನಲ್ಲಿ, ಅತ್ತೆಯ ಜೊತೆ. ಗಂಡ ವರ್ಷಕ್ಕೊಮ್ಮೆ ರಜೆಯ ಮೇಲೆ ಹೋಗಿ ಬರುವುದು. ಹೋಟೆಲಿನವರ ಸಂಸಾರವೆಂದರೆ ಆಗ ಹಾಗೆಯೇ ಇತ್ತಂತೆ, ಯಾರಿಗೂ ಅದು ವಿಚಿತ್ರ ಎನ್ನಿಸುತ್ತಿರಲಿಲ್ಲವಂತೆ. ಮಕ್ಕಳಾಗಲಿಲ್ಲ. ತಮ್ಮ ಅಮ್ಮ ತೀರಿಕೊಂಡ ಮೇಲೆ ಮಾಮ ಊರಿನ ಮನೆಯನ್ನು ದಾಯಾದಿಗಳಿಗೆ ಒಪ್ಪಿಸಿ, ಹೆಂಡತಿಯನ್ನು ಕರೆತಂದು ನಮ್ಮ ಕೆಳಮನೆಯಲ್ಲಿ ಇಳಿಸಿದರು.

ಅವರನ್ನು ನಾವು ಮದ್ರಾಸಿನ ಅಭ್ಯಾಸಬಲದಿಂದ ಮಾಮಿ ಎಂದು ಕರೆದೆವು. ನಾನು ಯಾವ ಮಾಮಿಯೂ ಅಲ್ಲ ಎಂದು ಮೊದಲ ದಿನ ಒಮ್ಮೆ ಹೇಳಿದರು, ಆಮೇಲೆ ಸುಮ್ಮನಾದರು. ಎತ್ತರದ ಹೆಂಗಸು. ನಡೆದರೆ ನಾವು ಓಡಬೇಕಿತ್ತು. ಏನನ್ನು ಕಂಡರೂ ಒಮ್ಮೆ ಕೈಯಿಂದ ಮುಟ್ಟಿ ನೋಡದೆ ಬಿಡುತ್ತಿರಲಿಲ್ಲ. ನಮ್ಮ ಕೆಳಮನೆಯ ಗೋಡೆಯನ್ನು ಮುಟ್ಟಿ, ಇದೆಂತ ಬಿಸಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅವರಿಗೆ ಮದ್ರಾಸು ಹಿಡಿಸಲಿಲ್ಲ. ಹಿಡಿಸಬೇಕಾದರೂ ಹೇಗೆ? ಮಾಮ ಕೋಳಿ ಕೂಗುವ ಮೊದಲೇ ಹೊರಟರೆ, ಮಾಮಿ ಮಲಗಿ ಒಂದು ನಿದ್ದೆಯಾದ ಮೇಲೆ ಬರುತ್ತಿದ್ದರು. ಊಟವೂ ಹೋಟೆಲಿನಲ್ಲೇ. ಮಾಮಿ ತಮಗೊಬ್ಬರಿಗೇ ಅನ್ನ ಮಾಡಿಕೊಂಡು, ಮಧ್ಯಾಹ್ನ ನಮ್ಮ ಮನೆಗೆ ಹತ್ತಿ ಬಂದು ಅಮ್ಮನ ಜೊತೆ ಸೊಪ್ಪು ಬಿಡಿಸುತ್ತ ಕೂರುತ್ತಿದ್ದರು. ಹಾಗೆ ಕೂತಾಗ ಒಂದು ದಿನ ಮನಸ್ಸಿನಲ್ಲಿದ್ದದ್ದು ಹೊರಗೆ ಬಿತ್ತು. ಗಂಡ ರಜೆಗೆ ಬಂದಾಗಲೆಲ್ಲ ಮದ್ರಾಸಿನ ಬೀಚೇನು, ಗಾಳಿಯೇನು, ಸಂಜೆಯ ಜನವೇನು ಎಂದು ವರ್ಣಿಸುತ್ತಿದ್ದರಂತೆ. ಮಗ ಅಲ್ಲಿ ರಾಜನ ಹಾಗೆ ಇದ್ದಾನೆ ಎಂದು ಅತ್ತೆ ಊರಿಗೆಲ್ಲ ಹೇಳುತ್ತಿದ್ದರಂತೆ. ಅವರಿಗೆ ಅವರ ಮದ್ರಾಸು ಇತ್ತು, ನನಗೆ ಅವರ ಅಮ್ಮ ಇದ್ದರು, ಈಗ ಅಮ್ಮ ಇಲ್ಲ, ನಾನು ಇಲ್ಲಿ ಯಾರಿಗೆ ಬೇಕು ಎಂದು ಮಾಮಿ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಶಿವರಾತ್ರಿ ಕಳೆದ ಮೇಲೆ ಮಾಮಿಯ ಅಣ್ಣ ಬಂದು ಕರೆದುಕೊಂಡು ಹೋಗುವುದೆಂದು ಆಗಲೇ ಮಾತಾಗಿತ್ತು. ಹೋದರೆ ಮತ್ತೆ ಬರುವುದಿಲ್ಲವೆಂದು ಅಮ್ಮನಿಗೂ ನನಗೂ ಅರ್ಥವಾಯಿತು.

ಮಾಮನಿಗೂ ಅರ್ಥವಾಗಿತ್ತು. ಆದರೆ ಅವರು ಹೆಂಡತಿಯ ಎದುರು ಕೂತು ನಾಲ್ಕು ಮಾತಾಡುವ ಪೈಕಿಯಲ್ಲ. ಮಾತಾಡಿ ಅಭ್ಯಾಸವೇ ಇರಲಿಲ್ಲವೋ ಏನೋ. ಮಾಘದಲ್ಲಿ ಒಂದು ದಿನ ನಮ್ಮ ಬಾಗಿಲಿಗೆ ಬಂದು ನಿಂತರು. ಭಾನುವಾರ ಹೋಟೆಲಿಗೆ ಸುಣ್ಣ ಹೊಡೆಸುತ್ತಾರೆ, ಇಡೀ ದಿನ ರಜೆ, ಯಜಮಾನರು ಕಾರು ಕೊಟ್ಟಿದ್ದಾರೆ, ಮಹಾಬಲಿಪುರಕ್ಕೆ ಹೋಗಬೇಕು, ದಾರಿ ತೋರಿಸಲು ನಾನು ಬರಬೇಕು ಎಂದರು. ಅಲ್ಲಿ ದೀಪಸ್ತಂಭದ ಪಕ್ಕದ ಬಂಡೆ ಹತ್ತಿದರೆ ಇಡೀ ಸಮುದ್ರ ಕಾಣುತ್ತದೆಂದು ಹೋಟೆಲಿನ ಗಿರಾಕಿಯೊಬ್ಬರು ಹೇಳಿದ್ದರಂತೆ. ಹೊತ್ತು ಮುಳುಗುವ ಮೊದಲು ಅಲ್ಲಿರಬೇಕು, ಅದೊಂದು ತಪ್ಪಬಾರದು.

"ಒಂದ್ ಸಂಜಿ ಅವ್ಳಿಗೆ ತೋರ್ಸಿದ್ರೆ ಸಾಕಮ್ಮ, ಮನಸ್ಸ್ ತಿರ್ಗತ್ತ್" ಎಂದರು.

ಏನು ತೋರಿಸುತ್ತೀರಿ ಎಂದು ಕೇಳಿದೆ. ಅಲ್ಲಿ ಹೋಗಿ ಕಾಣುವ ಎಂದು ನಕ್ಕು ಇಳಿದುಹೋದರು. ದೀಪಸ್ತಂಭದ ದೀಪ ಹೊತ್ತುವುದನ್ನೇ ತೋರಿಸುತ್ತಾರೆ ಎಂದುಕೊಂಡೆ ನಾನು.

ಮಾಮನಿಗೆ ಗೊತ್ತಿದ್ದದ್ದು ಮನೆ, ಕೋಯಂಬೇಡು, ಹೋಟೆಲು, ಈ ಮೂರರ ನಡುವಿನ ರಸ್ತೆ ಮಾತ್ರ. ಅದೂ ಬೆಳಗಿನ ಜಾವದ್ದು, ನರಪಿಳ್ಳೆ ಇಲ್ಲದ್ದು. ಹಗಲಿನಲ್ಲೂ ಹಾಗೆಯೇ ರಸ್ತೆಯ ನಟ್ಟನಡುವೆ ಓಡಿಸುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಎಡಕ್ಕೆ, ಬಲಕ್ಕೆ, ಮೆಲ್ಲಗೆ ಎಂದು ಗಂಟಲು ಹರಿದುಕೊಂಡೆ. ಹಿಂದಿನಿಂದ ಬಸ್ಸಿನವರು ತಮಿಳಿನಲ್ಲಿ ಬೈದರೆ ಮಾಮ ಕಾಫಿ ತಡವಾದ ಗಿರಾಕಿಗೆ ಸಮಾಧಾನ ಹೇಳುವಂತೆ ಕಿಟಕಿಯಿಂದ ಕೈ ಆಡಿಸುತ್ತಿದ್ದರು. ಮಾಮಿ ಹಿಂದೆ ಟಿಫಿನ್ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಚಕಾರವೆತ್ತದೆ ಕೂತಿದ್ದರು.

ತಿರುವಾನ್ಮಿಯೂರು ದಾಟಿದ ಮೇಲೆ ಉಸಿರು ಬಂತು. ಕಡಲಿನ ಪಕ್ಕದ ಆ ರಸ್ತೆಯನ್ನು ಆಗಷ್ಟೇ ಚೆನ್ನಾಗಿ ಮಾಡಿದ್ದರು. ಈಗಿನ ಹಾಗೆ ಎರಡೂ ಬದಿ ಕಾಂಪೌಂಡು ಗೋಡೆ, ಬೋರ್ಡು ಇರಲಿಲ್ಲ. ಗಾಳಿಮರಗಳ ತೋಪು, ಮರಳು, ಅಲ್ಲಲ್ಲಿ ಒಂದು ಮೀನುಗಾರರ ಹಳ್ಳಿ, ಸಂದಿನಲ್ಲಿ ಇಣುಕುವ ನೀಲಿ. ಮುಟ್ಟುಕಾಡಿನ ಸೇತುವೆಯ ಹತ್ತಿರ ಮಾಮಿ ಮೊದಲ ಬಾರಿಗೆ ಬಾಯಿ ತೆರೆದು ನಿಲ್ಲಿಸಲು ಹೇಳಿದರು. ಇಳಿದು, ಹಿನ್ನೀರಿಗೆ ಕೈ ಅದ್ದಿ, ಬೆರಳನ್ನು ನಾಲಿಗೆಗೆ ತಾಗಿಸಿ, ಹೊಳೆ ಕಡಲು ಸೇರುವ ನಮ್ಮೂರ ಹೊಳೆಬಾಗಿಲಿನ ಹಾಗೇ ಇದೆ ಎಂದರು. ಮದ್ರಾಸಿಗೆ ಬಂದ ಮೇಲೆ ಅವರ ಬಾಯಲ್ಲಿ ಬಂದ ಮೊದಲ ಒಳ್ಳೆಯ ಮಾತು ಅದು. ಮಾಮ ಗಡಿಯಾರ ನೋಡಿಕೊಂಡು, ಇದೆಂಥದು, ಸಂಜೆಗೆ ಕಾಣು ನೀನು ಎಂಬಂತೆ ಅವಸರ ಮಾಡಿದರು.

ತಿರುವಿಡಂದೈಯಲ್ಲಿ ಮದುವೆಯಾಗದವರು ಹಾರ ಹಾಕಿಸಿಕೊಂಡು ಪ್ರದಕ್ಷಿಣೆ ಬರುವ ದೇವಸ್ಥಾನವಿದೆ. ಅಲ್ಲಿ ಇಳಿಯದೆ ಬಂದರೆ ಮನೆಗೆ ಸೇರಿಸುವುದಿಲ್ಲವೆಂದು ಅಮ್ಮ ಹೇಳಿ ಕಳಿಸಿದ್ದಳು. ಮಾಮನ ಅವಸರ ನನಗೆ ಒಳ್ಳೆಯ ನೆಪವಾಯಿತು. ಹೊತ್ತಾಗುತ್ತದೆ ಮಾಮ, ನೇರ ಹೋಗಿ ಎಂದೆ. ಆ ದೇವರಿಗೂ ನನಗೂ ಇನ್ನೂ ಭೇಟಿಯಾಗಿಲ್ಲ.

ಊಟಕ್ಕೆ ನಿಂತದ್ದು ಹುಲಿಗುಹೆಯ ಹತ್ತಿರ. ಗುಹೆ ಎನ್ನುವುದು ಹೆಸರಿಗೆ ಮಾತ್ರ. ಕಡಲ ದಂಡೆಯಲ್ಲೇ ಒಂದು ದೊಡ್ಡ ಬಂಡೆ, ನಡುವೆ ಒಂದು ಸಣ್ಣ ಕೋಣೆ ಕೊರೆದು ಸುತ್ತಲೂ ಹಲ್ಲು ಕಿರಿಯುವ ಮೃಗಗಳ ತಲೆ ಕೆತ್ತಿದ್ದಾರೆ. ಮಾಮಿ ಒಂದೊಂದು ತಲೆಯ ಮೂಗನ್ನೂ ಸವರಿಕೊಂಡು ಬಂದರು. ಮರದ ನೆರಳಲ್ಲಿ ಬಾಳೆಲೆ ಹರಡಿದೆವು. ಮಾಮಿ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ಚಟ್ನಿ, ಮೊಸರನ್ನ ತಂದಿದ್ದರು. ಮಾಮ ಕೂರಲೇ ಇಲ್ಲ. ನನ್ನ ಎಲೆಯಲ್ಲಿ ಚಟ್ನಿ ಮುಗಿಯುವ ಮೊದಲೇ ಬಡಿಸಿದರು, ಮಾಮಿಯ ಎಲೆಗೆ ಬಡಿಸಿದರು, ನೀರು ತಂದರು, ಮತ್ತೆ ಬಗ್ಗಿ ಎಲೆ ನೋಡಿದರು. ಕೂತುಕೊಳ್ಳಿ ಎಂದು ಮಾಮಿ ಮೂರು ಸಲ ಹೇಳಿದ ಮೇಲೆ ಒಂದು ಕಡುಬನ್ನು ಕೈಯಲ್ಲಿ ಹಿಡಿದು, ಮರಕ್ಕೆ ಒರಗಿ ನಿಂತೇ ಗಬಗಬ ತಿಂದು ಮುಗಿಸಿದರು. ಮದುವೆಯಾಗಿ ಅಷ್ಟು ವರ್ಷವಾದರೂ ಗಂಡ ಹೀಗೆ ಉಣ್ಣುತ್ತಾರೆಂದು ಮಾಮಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಊರಿನಲ್ಲಿ ರಜೆಯ ದಿನ ಮಣೆ ಹಾಕಿ ಕೂರಿಸುತ್ತಿದ್ದರಲ್ಲ. ಮಾಮಿ ತಮ್ಮ ಕೈಯ ತುತ್ತನ್ನು ಹಿಡಿದುಕೊಂಡು ಅವರನ್ನೇ ನೋಡುತ್ತಿದ್ದರು.

ಮಹಾಬಲಿಪುರದಲ್ಲಿ ಆ ಬೆಣ್ಣೆ ಉಂಡೆಯ ಬಂಡೆ ಇದೆಯಲ್ಲ, ಇಳಿಜಾರಿನಲ್ಲಿ ಈಗಲೋ ಆಗಲೋ ಉರುಳುವಂತೆ ನಿಂತಿರುವುದು, ಮಾಮಿ ಹೋದವರೇ ಅದರ ಬುಡಕ್ಕೆ ಬೆನ್ನು ಕೊಟ್ಟು ನೆರಳಿನಲ್ಲಿ ಕೂತುಬಿಟ್ಟರು. ಮಾಮನಿಗೆ ಗಾಬರಿ. ಬಾ ಬಾ, ಉರುಳಿದರೆ ಏನು ಗತಿ ಎಂದು ದೂರದಲ್ಲೇ ನಿಂತು ಕರೆದರು. ಇಷ್ಟು ಕಾಲ ಉರುಳದ್ದು ಇವತ್ತು ನಾನು ಬಂದೆನೆಂದು ಉರುಳುತ್ತದೆಯೇ ಎಂದು ಮಾಮಿ ಕೂತೇ ಕೇಳಿದರು. ಪಕ್ಕದಲ್ಲಿ ಬಂಡೆ ತಳ್ಳುವ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿದ್ದವರು ನಕ್ಕರು. ಮಾಮಿಯೂ ನಕ್ಕರು. ಮಾಮ ಮಾತ್ರ ಗಡಿಯಾರ ನೋಡಿಕೊಂಡರು.

ದೀಪಸ್ತಂಭದ ಬುಡಕ್ಕೆ ಬಂದಾಗ ಒಳಗೆ ಬಿಡುವ ಹೊತ್ತು ಮುಗಿದಿತ್ತು. ಕಾವಲುಗಾರ ಗೇಟು ಹಾಕುತ್ತಿದ್ದ. ಪಕ್ಕದ ಬಂಡೆಯ ನೆತ್ತಿಯ ಮೇಲೆ ಒಂದು ಹಳೆಯ ಗುಡಿ ಇದೆ. ಸ್ತಂಭ ಕಟ್ಟುವ ಮೊದಲು ಅದರ ಮೇಲೆಯೇ ದೀಪ ಇಡುತ್ತಿದ್ದರಂತೆ. ಅಲ್ಲಿಗೆ ಹತ್ತಿದೆವು. ಮೇಲೆ ಹೋದರೆ ಗಿರಾಕಿಯ ಮಾತು ಸುಳ್ಳಾಗಿರಲಿಲ್ಲ. ಕೆಳಗೆ ಊರು, ತೆಂಗು, ಆಚೆಗೆ ಕಣ್ಣು ಹಾಯುವಷ್ಟೂ ಸಮುದ್ರ. ಮಾಮ ಹೆಗಲ ಮೇಲಿನ ಟವೆಲನ್ನು ಬಂಡೆಯ ಮೇಲೆ ಹಾಸಿ, ಸಮುದ್ರದ ಕಡೆ ಮುಖ ಮಾಡಿ ಮಾಮಿಯನ್ನು ಕೂರಿಸಿ, ತಾವೂ ಪಕ್ಕದಲ್ಲಿ ಕೂತರು. ಆ ದಿನ ಕಾರಿನಿಂದ ಇಳಿದ ಮೇಲೆ ಅವರು ಕೂತದ್ದು ಅದೇ ಮೊದಲು.

"ಈಗ ಕಾಣ್. ಥೇಟ್ ನಮ್ಮೂರಂಗೆ" ಎಂದರು.

ನಾನು ಸ್ವಲ್ಪ ಹಿಂದೆ ನಿಂತಿದ್ದೆ. ನನ್ನ ಬೆನ್ನು ಬಿಸಿಲಿಗೆ ಚುರುಗುಟ್ಟುತ್ತಿತ್ತು. ನಮ್ಮ ಮೂವರ ನೆರಳುಗಳೂ ಬಂಡೆಯ ಮೇಲೆ ಉದ್ದಕ್ಕೆ ಸಮುದ್ರದ ಕಡೆಗೇ ಚಾಚಿಕೊಂಡಿದ್ದವು. ಅದನ್ನು ನೋಡುತ್ತಿದ್ದಂತೆ ಮಾಮ ಏನು ತೋರಿಸಲು ಬಂದಿದ್ದಾರೆಂದು ನನಗೆ ಥಟ್ಟನೆ ಹೊಳೆಯಿತು. ಕುಂದಾಪುರದಲ್ಲಿ ಸೂರ್ಯ ಮುಳುಗುವುದು ಸಮುದ್ರದಲ್ಲಿ. ಮಾಮ ಹೆಂಡತಿಗೆ ಆ ಊರಿನ ಸಂಜೆಯನ್ನು ಇಲ್ಲಿ ತೋರಿಸಲು ಬಂದಿದ್ದರು. ಇದು ಪೂರ್ವದ ಕಡಲು ಎಂದು ಅವರಿಗೆ ಯಾರು ಹೇಳಬೇಕು? ನನಗಂತೂ ಧೈರ್ಯವಾಗಲಿಲ್ಲ.

ಮಾಮ ಕಾದರು. ಎದುರಿನ ನೀರು ಹೊಳೆಯುವುದರ ಬದಲು ಮಂಕಾಗುತ್ತ ಹೋಯಿತು. ಮೋಡ ಇದೆಯೋ ಏನೋ ಎಂದು ಕೈ ಅಡ್ಡ ಹಿಡಿದು ಆಕಾಶ ನೋಡಿದರು. ಕಡೆಗೆ ಮಾಮಿ ಮೆಲ್ಲಗೆ ಹೇಳಿದರು.

"ಕೇಣಿ... ಹೊತ್ತು ನಮ್ ಬೆನ್ನ್ ಹಿಂದೆ ಕಂತ್ತಾ ಇತ್ತ್."

ಮಾಮ ತಿರುಗಿ ನೋಡಿದರು. ಹಿಂದೆ ಗದ್ದೆ, ಕಾಲುವೆ, ಮರಗಳ ಸಾಲು, ಅದರ ಮೇಲೆ ಕೆಂಪಗೆ ಸೂರ್ಯ. ಮತ್ತೆ ಸಮುದ್ರ ನೋಡಿದರು. ಮತ್ತೆ ಹಿಂದೆ ನೋಡಿದರು. ಹೌದಲ್ಲ, ಇಲ್ಲಿ ಮೂಡುವುದು ಎಂದು ತಮಗೆ ತಾವೇ ಹೇಳಿಕೊಂಡರು. ಅವರ ಮುಖ ನೋಡಲಾಗಲಿಲ್ಲ ನನಗೆ. ಸಮುದ್ರವೆಂದರೆ ಹೊತ್ತು ಮುಳುಗುವ ಕಡೆ ಎಂದು ಹುಟ್ಟಿದಾಗಿನಿಂದ ಇದ್ದದ್ದು ಅವರಿಗೆ ಒಮ್ಮೆಯಾದರೂ ಬದಲಾಗುವ ಸಂದರ್ಭವೇ ಬಂದಿರಲಿಲ್ಲ.

ಮಾಮಿ ನಗಲಿಲ್ಲ, ಹಂಗಿಸಲಿಲ್ಲ. ಗಂಡನ ಮುಖವನ್ನೇ ನೋಡುತ್ತ ಕೇಳಿದರು.

"ಇಷ್ಟ್ ವರ್ಷದಲ್ ನೀವ್ ಒಂದ್ ಸಲವೂ ಸಂಜಿಗೆ ಸಮುದ್ರದ ಬದಿಗ್ ಹೋಯ್ಲಿಲ್ಯಾ?"

ಮಾಮ ಅದೇನೂ ದೊಡ್ಡ ವಿಷಯವಲ್ಲವೆಂಬಂತೆ ಹೇಳಿದರು.

"ಸಂಜಿಗಲ್ದಾ ಟಿಫಿನ್ ರಶ್ಶು..."

ಅಷ್ಟೇ ಮಾತು. ಬೀಚು, ಗಾಳಿ, ಜನ, ರಜೆಗೆ ಹೋದಾಗ ಹೇಳಿದ ಅಷ್ಟೂ ವರ್ಣನೆ ಗಿರಾಕಿಗಳ ಬಾಯಿಂದ ಕೇಳಿದ್ದಾಗಿತ್ತು. ಮನೆಯವರು ನೊಂದುಕೊಳ್ಳಬಾರದೆಂದು, ಊರಿನಲ್ಲಿ ತಮ್ಮ ಅಮ್ಮ ನಾಲ್ಕು ಜನರ ಎದುರು ಹೆಮ್ಮೆಪಡಲೆಂದು ಹೇಳಿದ್ದು. ಆ ಸುಳ್ಳು ಎಷ್ಟು ಚೆನ್ನಾಗಿ ನಾಟಿತ್ತೆಂದರೆ, ಅದನ್ನು ನಂಬಿಯೇ ಮಾಮಿ ವರ್ಷಗಟ್ಟಲೆ ಒಳಗೊಳಗೇ ಕುದಿದಿದ್ದರು. ಗಂಡ ಒಂದು ದೊಡ್ಡ ಪಟ್ಟಣವನ್ನು ಒಬ್ಬರೇ ಅನುಭವಿಸಿದರೆಂದು.

ಮಾಮಿ ಎದ್ದರು. ಟವೆಲನ್ನು ಕೊಡವಿ, ಬಂಡೆಯ ಆಚೆ ಬದಿಗೆ ಹೋಗಿ ಹಾಸಿದರು. ಬನ್ನಿ, ಈ ಬದಿಗೆ ಕೂರಿ ಎಂದು ಕರೆದರು. ಮಾಮ ಸಪ್ಪೆ ಮೋರೆ ಹಾಕಿಕೊಂಡು ಹೋಗಿ ಕೂತರು. ಅಲ್ಲಿ ಕಂಡದ್ದು ಏನೂ ವಿಶೇಷವಲ್ಲ. ಕಾಲುವೆಯ ನೀರಿಗೆ ಸ್ವಲ್ಪ ಬಣ್ಣ ಬಂತು, ಸೂರ್ಯ ಮರಗಳ ಹಿಂದೆ ಹೋದ. ಸ್ತಂಭದ ದೀಪ ಹೊತ್ತಿಕೊಂಡು ತಿರುಗತೊಡಗಿತು. ನಾನು ಸಮುದ್ರದ ಕಡೆಯೇ ಉಳಿದು ಅವರಿಬ್ಬರನ್ನು ಅವರ ಪಾಡಿಗೆ ಬಿಟ್ಟೆ. ಗಾಳಿಯಲ್ಲಿ ಅರ್ಧಂಬರ್ಧ ಕೇಳಿಸುತ್ತಿತ್ತು. ಎಷ್ಟು ಹೊತ್ತಿಗೆ ಏಳುತ್ತೀರಿ, ಎಲ್ಲಿ ಮಲಗುತ್ತಿದ್ದಿರಿ, ಜ್ವರ ಬಂದರೆ ಗಂಜಿ ಕೊಡುವವರು ಯಾರಿದ್ದರು... ಮಾಮಿ ಒಂದೊಂದೇ ಕೇಳುತ್ತಿದ್ದರು. ಮಾಮ ಒಂದೊಂದಕ್ಕೂ ಉತ್ತರ ಹೇಳುತ್ತಿದ್ದರು. ಕತ್ತಲಾಗುತ್ತದೆ, ಇಳಿಯೋಣ ಎಂದು ನಾನೇ ಎಬ್ಬಿಸಬೇಕಾಯಿತು.

ವಾಪಸು ಬರುವಾಗ ಮಾಮಿ ಮುಂದೆ ಕೂತರು. ನಾನು ಹಿಂದೆ ಆ ಕೊತ್ತಂಬರಿ ವಾಸನೆಯಲ್ಲಿ ನಿದ್ದೆ ಹೋದೆ. ಬಸ್ಸಿನವರು ಬೈದರೋ ಇಲ್ಲವೋ ಗೊತ್ತಿಲ್ಲ.

ಮಾರನೆಯ ದಿನ ಮಾಮಿ ನಮ್ಮ ಮನೆಯ ಫೋನಿನಿಂದ ಅಣ್ಣನಿಗೆ ಮಾತಾಡಿದರು. ಬರುವುದು ಬೇಡ, ಈ ಕಡೆ ಯಾರಾದರೂ ಬರುವವರಿದ್ದರೆ ಒಂದು ಮೂಟೆ ಕುಚ್ಚಲಕ್ಕಿ ಕಳಿಸು ಎಂದರು. ಪಕ್ಕದಲ್ಲಿದ್ದ ಅಮ್ಮ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ಒಂದು ಮೂಟೆ ಅಕ್ಕಿ ತರಿಸುವವರು ನಾಳೆ ಹೊರಡುವವರಲ್ಲ. ಆ ವಾರವೇ ಮಾಮ ಹೋಗಿ ಯಜಮಾನರ ಹತ್ತಿರ ತಲೆ ಕೆರೆದುಕೊಂಡು ನಿಂತು ಮಂಗಳವಾರದ ಸಂಜೆ ರಜೆ ಕೇಳಿದರು. ಅಷ್ಟು ವರ್ಷದಲ್ಲಿ ಅವರು ಬಾಯಿ ಬಿಟ್ಟು ಕೇಳಿದ್ದು ಅದೊಂದೇ ಎಂದು ಯಜಮಾನರೇ ಯಾರಿಗೋ ಹೇಳಿದರಂತೆ.

ಆಮೇಲೆ ಮಂಗಳವಾರ ಸಂಜೆಯಾದರೆ ಇಬ್ಬರೂ ನಮ್ಮ ಮೊಟ್ಟೆಮಾಡಿಗೆ, ಅಂದರೆ ತಾರಸಿಗೆ, ಹತ್ತಿ ಹೋಗುತ್ತಿದ್ದರು. ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ, ಪಕ್ಕದ ಮನೆಯ ಆಂಟೆನಾ ಬಿಟ್ಟರೆ ಅಲ್ಲಿ ನೋಡಲು ಏನೂ ಇರಲಿಲ್ಲ. ಸದಾ ನಗುತ್ತಲೇ ಇರುತ್ತಿದ್ದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಮಾತಿಗೆ ಪುರಸೊತ್ತು ಸಿಕ್ಕ ಮೇಲೆ ಜಗಳಕ್ಕೂ ಸಿಕ್ಕಿತು. ಊರಿನ ಮನೆ ದಾಯಾದಿಗಳಿಗೆ ಬಿಟ್ಟದ್ದರ ಬಗ್ಗೆ, ಅತ್ತೆ ಆಡಿದ ಯಾವುದೋ ಕಾಲದ ಮಾತಿನ ಬಗ್ಗೆ ಮಾಮಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮಾಮ ಹ್ಞೂಂ ಹ್ಞೂಂ ಎನ್ನುತ್ತಿದ್ದರು. ಕೆಳಗೆ ಅಡುಗೆಮನೆಯಲ್ಲಿದ್ದ ನಮಗೆ ಎಲ್ಲ ಕೇಳಿಸುತ್ತಿತ್ತು. ಚುಮ್ಮಾ ಇರು, ಕಿವಿ ಕೊಡಬೇಡ ಎಂದು ಅಮ್ಮ ನನಗೆ ಹೇಳಿ ತಾನು ಕಿವಿಗೊಡುತ್ತಿದ್ದಳು.

ಎಂಟು ವರ್ಷ ಹಾಗೆ ನಡೆಯಿತು. ಒಂದು ಬೆಳಗಿನ ಜಾವ ಕೋಯಂಬೇಡಿನಲ್ಲಿ ಎಲೆಯ ಅಂಗಡಿಯ ಮುಂದೆ ಎದೆ ಹಿಡಿದುಕೊಂಡು ಕೂತ ಮಾಮ ಮತ್ತೆ ಏಳಲಿಲ್ಲ. ಹೋಟೆಲಿನವರು ಸುದ್ದಿ ತಂದಾಗ ಮಾಮಿ ಬಾಗಿಲಿಗೆ ಕೋಲಂ ಹಾಕುತ್ತಿದ್ದರು. ಅಷ್ಟರಲ್ಲಿ ಅವರೂ ರಂಗೋಲಿಗೆ ಕೋಲಂ ಎನ್ನುವುದನ್ನು ಕಲಿತಿದ್ದರು...

ಈಗ ಅವರಿಬ್ಬರೂ ಇಲ್ಲ. ಮಾಮಿ ವೈಕುಂಠ ಸಮಾರಾಧನೆಯ ಮರುದಿನ ಅಣ್ಣನ ಜೊತೆ ಊರಿಗೆ ಹೋದರು, ಕೆಲವು ವರ್ಷದ ಮೇಲೆ ಅಲ್ಲೇ ತೀರಿಕೊಂಡರೆಂದು ಫೋನು ಬಂತು. ಅಮ್ಮನೂ ಹೋದಳು. ಕೆಳಮನೆಗೆ ಆಮೇಲೆ ಎಷ್ಟೋ ಬಾಡಿಗೆದಾರರು ಬಂದರು, ಹೋದರು. ಒಳ್ಳೆಯವರೇ. ಆದರೂ ಯಾವುದಾದರೂ ಮಂಗಳವಾರ ಆಫೀಸಿನಿಂದ ಬೇಗ ಬಂದು ಬಟ್ಟೆ ತೆಗೆಯಲು ಮೇಲೆ ಹತ್ತಿದರೆ ನನಗೆ ಅವರ ನೆನಪಾಗಿ ಸಂಕಟವಾಗುತ್ತದೆ. ಬಟ್ಟೆಯನ್ನು ಬೇಗ ಬೇಗ ಎಳೆದುಕೊಂಡು ಇಳಿದುಬಿಡುತ್ತೇನೆ.

ಮಾಮಿ ಹೊರಟ ದಿನ ಆಟೋ ಬಾಗಿಲಿಗೆ ಬಂದಿತ್ತು. ಅಮ್ಮ ಅವರ ಕೈ ಹಿಡಿದುಕೊಂಡು ಅತ್ತಳು. ಪಾವಂ ಮಾಮಿ, ಅಷ್ಟು ವರ್ಷದ ಮದುವೆಯಲ್ಲಿ ನೀವು ಸೇರಿ ಇದ್ದದ್ದು ಎಂಟೇ ವರ್ಷ ಎಂದಳು. ಮಾಮಿ ಅಮ್ಮನ ಕಣ್ಣನ್ನು ತಮ್ಮ ಸೆರಗಿನಿಂದ ಒರೆಸಿದರು.

"ಎಂಟ್ ವರ್ಷ ಕಮ್ಮಿಯಾ ಅಮ್ಮ?" ಎಂದರು. "ನಮ್ ಬದಿಯಲ್ ಹೋಟೆಲ್‌ನೋರ್ನ ಮದಿಯಾದ ಹೆಂಗ್ಸ್ರನ್ನ ಕೇಣಿ. ಅಷ್ಟ್ ಯಾರಿಗ್ ಸಿಕ್ಕಿತ್?"